ಅಡಿಕೆ ತೋಟದ ಟಿಪ್ಪಣಿಗಳಿಗೆ ಫೋಲ್ಡರೋ, ಟ್ಯಾಗೋ?

ನಮ್ಮ ಊರಿನ ಅಡಿಕೆ ಬೆಳೆಗಾರರು ತಮ್ಮತಮ್ಮಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳನ್ನೂ ಅನುಭವಸ್ಥರು ಕೊಡುವ ಉತ್ತರಗಳನ್ನೂ ನಾಲ್ಕು ವರ್ಷಗಳಿಂದ ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದೇನೆ. ಟಿಪ್ಪಣಿಗಳು 600 ದಾಟಿವೆ. ಬೇಕೆಂದಾಗ ಕೈಗೆ ಸಿಗುವಂತೆ ಇವನ್ನು ಜೋಡಿಸಲು ಮೂರು ವಿಧಾನಗಳನ್ನು, ಒಂದೊಂದನ್ನೂ ಕನಿಷ್ಠ ಒಂದು ಮಳೆಗಾಲ ಪೂರ್ತಿ ಬಳಸಿ ನೋಡಿದೆ.

ಮೊದಲನೆಯದು ಫೋಲ್ಡರ್. ರೋಗ, ಗೊಬ್ಬರ, ನೀರಾವರಿ, ಕೊಯ್ಲು ಎಂದು ವಿಂಗಡಿಸಿದರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಟಿಪ್ಪಣಿಗೆ ಒಂದೇ ಜಾಗವೆಂಬುದು ತೊಡಕಾಯಿತು. ಕಾಯಿ ಉದುರಿಸುವ ಕೊಳೆರೋಗವನ್ನು ತಡೆಯಲು ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕೆಂದೂ, ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಹೊಡೆದು 40–45 ದಿನಗಳ ನಂತರ ಮತ್ತೊಮ್ಮೆ ಹೊಡೆಯಬೇಕೆಂದೂ ತಿಳಿಸುವ ಟಿಪ್ಪಣಿಯನ್ನು ರೋಗಕ್ಕೆ ಸೇರಿಸಬೇಕೋ, ಔಷಧಿಗೆ ಸೇರಿಸಬೇಕೋ, ಮಳೆಗಾಲದ ಕೆಲಸಗಳಿಗೋ? ಮೂರು ಕಡೆಯೂ ಪ್ರತಿ ಇಟ್ಟೆ. ಮುಂದೆ ಒಂದರಲ್ಲಿ ಮಾಡಿದ ತಿದ್ದುಪಡಿ ಉಳಿದೆರಡರಲ್ಲಿ ಆಗಲೇ ಇಲ್ಲ.

ಎರಡನೆಯದು ಮನಸ್ಸಿಗೆ ತೋಚಿದ ಟ್ಯಾಗ್. ಅದೇ ಟಿಪ್ಪಣಿಗೆ ನಾಲ್ಕು ಹೆಸರು ಹಚ್ಚಬಹುದು, ಪ್ರತಿ ಮಾತ್ರ ಒಂದೇ ಇರುತ್ತದೆ. ಮೊದಲ ಎರಡು ತಿಂಗಳು ನನಗೆ ಇದಕ್ಕಿಂತ ಒಳ್ಳೆಯದು ಇಲ್ಲವೆನಿಸಿತ್ತು. ಜುಲೈ ತಿಂಗಳಲ್ಲಿ ಪಕ್ಕದ ತೋಟದ ಹಿರಿಯರು ಫೋನ್ ಮಾಡಿ, 'ಎರಡನೇ ಸಲ ಔಷಧಿ ಹೊಡೆಯುವುದಕ್ಕೆ ಮಳೆ ಹೊಳವು ಕೊಡುತ್ತಿಲ್ಲ, ಕಾಯಿ ಉದುರಲು ಶುರುವಾಗಿದೆ, ಹೋದ ವರ್ಷ ಕೊಟ್ಟೆ ಕಟ್ಟಿದವರು ಏನು ಹೇಳಿದ್ದರು ನೋಡು ಮಾರಾಯ' ಎಂದರು. ಕೊಟ್ಟೆ ಎಂದರೆ ಮಳೆ ತಾಗದಂತೆ ಗೊನೆಗೆ ಕಟ್ಟುವ ಹೊದಿಕೆ. 'ಕೊಳೆರೋಗ' ಎಂಬ ಟ್ಯಾಗ್ ತೆರೆದೆ. ಕೊಟ್ಟೆಯ ಮಾತೇ ಅಲ್ಲಿರಲಿಲ್ಲ. ಆ ಟಿಪ್ಪಣಿಗೆ ನಾನು 'ಮಹಾಳಿ' ಎಂದು ಹಚ್ಚಿದ್ದೆನೆಂಬುದು ಮರುದಿನ ಗೊತ್ತಾಯಿತು. ಎರಡೂ ಒಂದೇ ರೋಗದ ಹೆಸರೆಂದು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಹುಡುಕಿದಷ್ಟೂ ಇಂಥವು ಸಿಕ್ಕವು: ಅಡಿಕೆ ಮತ್ತು ಅಡಕೆ, ಬೋರ್ಡೋ ಮತ್ತು ಬೋರ್ಡೊ, ಎಲೆಚುಕ್ಕಿ ಮತ್ತು ಎಲೆಚುಕ್ಕೆ. ಕನ್ನಡದಲ್ಲಿ ಎರಡೆರಡು ರೂಪಗಳು ಬಳಕೆಯಲ್ಲಿರುವ ಪದಗಳು ಹೇರಳವಾಗಿರುವುದರಿಂದ ಟ್ಯಾಗುಗಳನ್ನು ಅವುಗಳ ಪಾಡಿಗೆ ಬಿಟ್ಟರೆ ನಮ್ಮ ಭಾಷೆಯಲ್ಲಿ ಅವು ಬೇಗನೆ ಚೆದುರಿಹೋಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯದನ್ನು ಗ್ರಂಥಾಲಯದವರಿಂದ ಕಲಿತೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ಪುಸ್ತಕವನ್ನು ಒಂದೇ ಗೂಡಿಗೆ ತಳ್ಳುವ ಬದಲು ಅದರ ವಿಷಯವನ್ನು ಮುಖಗಳಾಗಿ ಬಿಡಿಸುತ್ತದೆ. ದೇಶ ಮತ್ತು ಕಾಲ ಅವುಗಳಲ್ಲಿ ಎರಡು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಇದೇ ಶಾಸ್ತ್ರಕ್ಕಾಗಿ ಸಂಶೋಧನಾ ಕೇಂದ್ರವನ್ನೂ ಆರಂಭಿಸಿದ್ದರು. ಅವರ ಸಂಕೇತಗಳು ನನಗೆ ಬೇಕಾಗಲಿಲ್ಲ, ಬಿಡಿಸುವ ಕ್ರಮ ಸಾಕಾಯಿತು. ಈಗ ಪ್ರತಿ ಟಿಪ್ಪಣಿಗೂ ತೊಂದರೆ ಯಾವುದು, ಪರಿಹಾರವೇನು, ಯಾವ ಊರಿನ ಅನುಭವ, ಯಾವ ತಿಂಗಳು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಾಗಿ ನಾಲ್ಕು ಟ್ಯಾಗ್ ಹಚ್ಚುತ್ತೇನೆ, ಅವೂ ಮೊದಲೇ ಒಪ್ಪಿಕೊಂಡ ಪಟ್ಟಿಯಿಂದ ಮಾತ್ರ. ಪಟ್ಟಿಯಲ್ಲಿ 'ಮಹಾಳಿ: ಕೊಳೆರೋಗ ನೋಡಿ' ಎಂಬಂಥ ಸಾಲುಗಳೂ ಇವೆ. 'ಕೊಳೆರೋಗ', 'ಕೊಟ್ಟೆ', 'ಜುಲೈ' ಮೂರನ್ನೂ ಒಟ್ಟಿಗೆ ಕೇಳಿದರೆ ಈಗ ಬರುವುದು ಐದೇ ಟಿಪ್ಪಣಿ, ಐದೂ ಓದಲು ಯೋಗ್ಯವಾದವು.

ಇದಕ್ಕೆ ಶ್ರಮ ಹೆಚ್ಚು. ಹಳೆಯ ಟಿಪ್ಪಣಿಗಳನ್ನು ಹೊಸ ಪಟ್ಟಿಗೆ ಹೊಂದಿಸಲು ಹನ್ನೊಂದು ಸಂಜೆಗಳು ಬೇಕಾದವು. ನೂರರೊಳಗೆ ಟಿಪ್ಪಣಿ ಇರುವವರಿಗೆ ಫೋಲ್ಡರೇ ಸಾಕೆಂದು ಹೇಳುತ್ತೇನೆ. ಅದಕ್ಕಿಂತ ಹೆಚ್ಚಿದ್ದರೆ ಮೂರನೆಯದೇ ಸರಿ, ಆದರೆ ಪಟ್ಟಿ ಬೆಳೆಯದಂತೆ ಕಾಯಬೇಕು. ಒಂದು ಪದವಿಲ್ಲದೆ ಮೂರು ಟಿಪ್ಪಣಿಗಳಿಗೆ ತೊಂದರೆಯಾದ ಮೇಲಷ್ಟೇ ನಾನು ಅದನ್ನು ಪಟ್ಟಿಗೆ ಸೇರಿಸುತ್ತೇನೆ. ಸದ್ಯ 'ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುವುದು' ಎಂಬುದು ಎರಡು ಟಿಪ್ಪಣಿಗಳೊಂದಿಗೆ ಕಾಯುತ್ತಿದೆ.