ಸೀಸೆಯ ಮೇಲೆ 100, ಸಿರಿಂಜಿನ ಮೇಲೆ 40: ಟೈಪ್ 1 ಮಕ್ಕಳ ಪೋಷಕರಿಗೊಂದು ಎಚ್ಚರಿಕೆ

ಟೈಪ್ 1 ಮಧುಮೇಹವಿರುವ ಮಗುವನ್ನು ಜ್ವರಕ್ಕೋ, ವಾಂತಿಭೇದಿಗೋ, ಕೈ ಮುರಿದುಕೊಂಡಿದ್ದಕ್ಕೋ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ವಾರ್ಡಿನಲ್ಲಿ ಇನ್ಸುಲಿನ್ ಚುಚ್ಚುವ ಮೊದಲು ಸೀಸೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ನೀವೇ ಓದಿ. ಎರಡೂ ಒಂದೇ ಆಗಿರದಿದ್ದರೆ ಚುಚ್ಚಲು ಬಿಡಬೇಡಿ. ಸಿಸ್ಟರ್ ಮುಖ ಗಂಟಿಕ್ಕಿದರೂ ಚಿಂತೆಯಿಲ್ಲ.

ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ, ಔಷಧದಂಗಡಿಗಳಲ್ಲಿ ಸಿಗುವ ಅಗ್ಗದ ಹ್ಯೂಮನ್ ಇನ್ಸುಲಿನ್ ಸೀಸೆಗಳಲ್ಲಿ ಹೆಚ್ಚಿನವು ಒಂದು ಎಂಎಲ್‌ಗೆ 40 ಯೂನಿಟ್‌ನವು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ಗಳೂ (ಪೆನ್ನಿನೊಳಗೆ ಕೂರಿಸುವ ಔಷಧದ ಕೊಳವೆಗಳು), ಇಂದು ಅನೇಕ ಮಕ್ಕಳಿಗೆ ಬರೆದುಕೊಡುವ ಹೊಸ ಇನ್ಸುಲಿನ್‌ಗಳೂ ಸಾಮಾನ್ಯವಾಗಿ 100ರವು. ಸಿರಿಂಜ್‌ಗಳಲ್ಲೂ ಎರಡು ಬಗೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. ವಾರ್ಡಿನ ರಾತ್ರಿ ಬೆಳಕಿನಲ್ಲಿ ಆ ಕೆಂಪಿಗೂ ಈ ಕಿತ್ತಳೆಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅಮೆರಿಕ 1970ರ ದಶಕದಲ್ಲೇ 100ಕ್ಕೆ ಬದಲಾಗತೊಡಗಿತು. ನಾವಿನ್ನೂ ಎರಡನ್ನೂ ಒಂದೇ ಟ್ರೇಯಲ್ಲಿಟ್ಟುಕೊಂಡು ಓಡಾಡುತ್ತಿದ್ದೇವೆ.

ಟೈಪ್ 1 ಇರುವ ನನ್ನ ಮಗನಿಗೆ ಒಮ್ಮೆ ವಾಂತಿ ನಿಲ್ಲದೆ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಮನೆಯಿಂದ ಅವನ ಪೆನ್ನು, ಸೂಜಿ, ಗ್ಲೂಕೋಮೀಟರ್ ಎಲ್ಲವನ್ನೂ ಒಯ್ದಿದ್ದೆ. "ಹೊರಗಿನ ಔಷಧ ಬಳಸುವಂತಿಲ್ಲ ಅಮ್ಮ, ಇಲ್ಲಿನ ನಿಯಮ" ಎಂದು ಪೆನ್ನನ್ನು ಕಪಾಟಿಗೆ ಸೇರಿಸಿದರು. ಕೆಳಗಿನ ಔಷಧದಂಗಡಿಯಿಂದ ಅದೇ ಇನ್ಸುಲಿನ್ನಿನ ಸೀಸೆ ಬಂತು, 100ರದ್ದು. ಸಿರಿಂಜ್ ಮಾತ್ರ ವಾರ್ಡಿನ ಟ್ರೇಯದ್ದು. ರಾತ್ರಿ ಊಟಕ್ಕೆ ಮೊದಲು 4 ಯೂನಿಟ್ ಎಂದು ಡಾಕ್ಟರ್ ಬರೆದಿದ್ದರು. ಸಿಸ್ಟರ್ ನಾಲ್ಕನೆಯ ಗೆರೆಯವರೆಗೆ ಎಳೆದು ಚುಚ್ಚಿ ಹೋದರು.

ಒಂದು ಗಂಟೆ ಕಳೆದಿರಲಿಲ್ಲ, ಮಗನ ಕುತ್ತಿಗೆ, ಅಂಗಿಯ ಕಾಲರ್ ಬೆವರಿನಲ್ಲಿ ನೆನೆದು ಹೋದವು. ಕರೆದರೆ ಕಣ್ಣು ತೆರೆಯುತ್ತಾನೆ, ಮಾತಿಲ್ಲ. ನಮ್ಮ ಮೀಟರಿನಲ್ಲಿ ನೋಡಿದರೆ ಶುಗರ್ 38. (70ಕ್ಕಿಂತ ಕೆಳಗಿಳಿದರೇ ಕಡಿಮೆಯಾಯಿತೆಂದು ಲೆಕ್ಕ.) ಕೈಗೆ ಮೊದಲೇ ಡ್ರಿಪ್ ಹಾಕಿದ್ದರಿಂದ ಗ್ಲೂಕೋಸನ್ನು ನೇರವಾಗಿ ರಕ್ತಕ್ಕೆ ಕೊಡಲು ಸಾಧ್ಯವಾಯಿತು. ಅಂಥ ಸ್ಥಿತಿಯಲ್ಲಿ ಬಾಯಿಗೆ ಸಕ್ಕರೆ ನೀರು ಹುಯ್ಯುವಂತಿಲ್ಲ, ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಡ್ಯೂಟಿ ಡಾಕ್ಟರ್ ಬಂದು, "ಮಗು ಸರಿಯಾಗಿ ಊಟ ಮಾಡಿಲ್ಲವಲ್ಲ, ಅದಕ್ಕೇ ಇಳಿದಿದೆ" ಎಂದರು. ನನ್ನ ಗಂಡ ಕಸದ ಡಬ್ಬಿಯ ಮೇಲೇ ಬಿದ್ದಿದ್ದ ಕೆಂಪು ಮುಚ್ಚಳವನ್ನೂ ಫ್ರಿಜ್ಜಿನಲ್ಲಿದ್ದ ಸೀಸೆಯನ್ನೂ ತಂದು ಅವರ ಮುಂದಿಟ್ಟರು. ಡಾಕ್ಟರ್ ಎರಡನ್ನೂ ನೋಡಿದರು, ಏನೂ ಹೇಳಲಿಲ್ಲ. "ನಾನು ನಾಲ್ಕೇ ಕೊಟ್ಟಿದ್ದು ಸರ್" ಎಂದರು ಸಿಸ್ಟರ್. ಅವರು ಸುಳ್ಳು ಹೇಳುತ್ತಿರಲಿಲ್ಲ, ಗೆರೆ ನಾಲ್ಕೇ. ಆದರೆ 40ರ ಸಿರಿಂಜಿನ ನಾಲ್ಕನೆಯ ಗೆರೆಯೆಂದರೆ 0.1 ಎಂಎಲ್. 100ರ ಸೀಸೆಯಿಂದ ಅಷ್ಟು ಎಳೆದರೆ ಒಳಗೆ ಹೋಗುವುದು 10 ಯೂನಿಟ್. ಬೇಕಾದ್ದರ ಎರಡೂವರೆ ಪಟ್ಟು.

ನನಗೆ ಇಂದಿಗೂ ಸಿಟ್ಟು ತರಿಸುವುದು ಬೆಳಗ್ಗೆ ನಡೆದದ್ದು. ಕೇಸ್ ಶೀಟಿನಲ್ಲಿ ಮುದ್ದಾದ ಅಕ್ಷರದಲ್ಲಿ "4 ಯೂನಿಟ್" ಎಂದೇ ಇತ್ತು. ಅದನ್ನು ನೋಡಿದ ಇನ್ನೊಬ್ಬ ಡಾಕ್ಟರ್, "ನಾಲ್ಕಕ್ಕೇ 38ಕ್ಕೆ ಇಳಿದಿದೆ ಎಂದರೆ ಎರಡು ಸಾಕು" ಎಂದು ಪ್ರಮಾಣವನ್ನೇ ಇಳಿಸಿದರು! ನಾವು ಅದನ್ನು ಒಪ್ಪಿ ಮನೆಗೆ ಬಂದು ಪೆನ್ನಿನಲ್ಲಿ ಎರಡೆರಡು ಯೂನಿಟ್ ಕೊಡುತ್ತಾ ಹೋಗಿದ್ದರೆ ಶುಗರ್ ಏರಿ, ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ತುಂಬಿ, ಮತ್ತೆ ಅದೇ ವಾರ್ಡಿಗೆ ಬರುವುದೇ ಆಗುತ್ತಿತ್ತು. ರಾತ್ರಿ ನಡೆದದ್ದನ್ನು ವಿವರಿಸಿ, ಪಟ್ಟು ಹಿಡಿದು ಶೀಟಿನಲ್ಲಿ ಬರೆಸಿದೆವು. ಆಡಳಿತದವರಿಗೆ ಕೊಟ್ಟ ದೂರಿಗೆ "ಪರಿಶೀಲಿಸುತ್ತೇವೆ" ಎಂಬ ಉತ್ತರ ಬಂತು. ಬಿಲ್ಲಿನಲ್ಲಿ ಮಾತ್ರ ಆ ಗ್ಲೂಕೋಸಿನ ದರವೂ ಸೇರಿತ್ತು.

ಇದು ತಿರುಗುಮುರುಗಾಗಿಯೂ ಆಗಬಹುದು. 40ರ ಸೀಸೆಗೆ 100ರ ಸಿರಿಂಜ್ ಬಳಸಿದರೆ, ಹತ್ತನೆಯ ಗೆರೆಗೆ ಎಳೆದರೂ ದೇಹಕ್ಕೆ ಸೇರುವುದು 4 ಯೂನಿಟ್ ಮಾತ್ರ. ಮಗು ಬೆವರುವುದಿಲ್ಲ, ಯಾರಿಗೂ ಗಾಬರಿಯಾಗುವುದಿಲ್ಲ, ಶುಗರ್ ಸದ್ದಿಲ್ಲದೆ ಏರುತ್ತದೆ. ಪೆನ್ನಿನ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯುವವರನ್ನೂ ತಡೆಯಿರಿ. ಅದು 100ರದ್ದು, ಜೊತೆಗೆ ಒಳಗೆ ಗಾಳಿ ಸೇರಿ ಮುಂದಿನ ಪ್ರಮಾಣಗಳೂ ಕೆಡುತ್ತವೆ.

ಸೇರಿಸುವಾಗಲೇ ಡಾಕ್ಟರನ್ನು ಕೇಳಿ, "ಮಗುವಿನ ಸ್ವಂತ ಪೆನ್ನು ಬಳಸಬಹುದು" ಎಂದು ಕೇಸ್ ಶೀಟಿನಲ್ಲಿ ಬರೆಸಿಕೊಳ್ಳಿ. ಡಾಕ್ಟರ್ ಬರೆದರೆ ವಾರ್ಡಿನವರ ನಿಯಮ ಸಡಿಲವಾಗುವುದುಂಟು. ಒಪ್ಪದಿದ್ದರೆ ನಿಮ್ಮ ಸೀಸೆಗೆ ಹೊಂದುವ ಸಿರಿಂಜ್‌ಗಳನ್ನು ನೀವೇ ಕೊಂಡು ಹಾಸಿಗೆಯ ಪಕ್ಕದಲ್ಲಿಟ್ಟುಕೊಳ್ಳಿ. ಮುಚ್ಚಳದ ಬಣ್ಣವನ್ನು ನಂಬಬೇಡಿ, ಸಿರಿಂಜಿನ ಮೈಮೇಲಿನ ಸಂಖ್ಯೆಯನ್ನು ಓದಿ.

ಚುಚ್ಚಿಯಾದ ಮೇಲೆ ತಪ್ಪು ಕಣ್ಣಿಗೆ ಬಿದ್ದರೆ, ಬೆವರು ಬರಲಿ ನೋಡೋಣ ಎಂದು ಕೂರಬೇಡಿ. ಎಷ್ಟು ಯೂನಿಟ್ ಹೋಗಿದೆ ಎಂಬ ಲೆಕ್ಕವನ್ನು ಡಾಕ್ಟರಿಗೆ ಆಗಲೇ ಹೇಳಿ, ಪದೇ ಪದೇ ಶುಗರ್ ನೋಡಲು ಹೇಳಿ, ಸಿರಿಂಜನ್ನೂ ಸೀಸೆಯನ್ನೂ ಎಸೆಯಲು ಬಿಡಬೇಡಿ. ಊಟದ ಇನ್ಸುಲಿನ್ನಾದರೆ ಅದರ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ದಿನಕ್ಕೊಮ್ಮೆ ಕೊಡುವ ದೀರ್ಘಕಾಲದ್ದಾದರೆ ಮಾರನೆಯ ದಿನವೂ ಶುಗರ್ ಇಳಿಯುತ್ತಲೇ ಇರಬಹುದು. "ಈಗ ಸರಿಯಾಗಿದೆಯಲ್ಲ" ಎಂದು ಬೆಳಗ್ಗೆಯೇ ಡಿಸ್ಚಾರ್ಜ್ ಮಾಡಲು ಬಂದರೆ ಒಪ್ಪಬೇಡಿ.