‘ನಿಮ್ಮ ಕೃತಿ ಆಯ್ಕೆಯಾಗಿದೆ’ ಎಂದು ಫೋನ್ ಬಂದರೆ

ಮುಂಬೈ, ಪುಣೆಯ ಕಡೆ ಇದ್ದುಕೊಂಡು ಕನ್ನಡದಲ್ಲಿ ಬರೆಯುವವರು, ಅದರಲ್ಲೂ ಮೊದಲ ಪುಸ್ತಕದ ಹಸ್ತಪ್ರತಿ ಸಿದ್ಧ ಮಾಡಿಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಲೇಖಕರಿಂದಲೇ ಹಣ ಪಡೆದು ಪುಸ್ತಕ ಮಾಡಿಕೊಡುವ ಸಂಸ್ಥೆಯೊಂದರಿಂದ ನನಗಾದ ನಷ್ಟ ಹಣದ್ದು ಮಾತ್ರವಲ್ಲ. ನಾನೇ ಬರೆದ ಕಥೆಗಳ ಮೇಲಿನ ಹಕ್ಕು ನನ್ನ ಕೈತಪ್ಪಿತು. ಹಣ ಹೋದದ್ದನ್ನು ಮರೆಯಬಲ್ಲೆ. ಇದನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಡೊಂಬಿವಲಿಯಿಂದ ಫೋರ್ಟ್‌ಗೆ ಲೋಕಲ್ ರೈಲಿನಲ್ಲಿ ಓಡಾಡುವ ನೌಕರಿಯ ನಡುವೆ ಬರೆದ ಕಥೆಗಳು ಅವು. ಹಗಲಿಡೀ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರ ಬದುಕು ಅವುಗಳ ವಸ್ತು. ನನ್ನ ತಂದೆಯೂ ಆ ಹುಡುಗರಲ್ಲೊಬ್ಬರು. ಕೆಲವು ಕಥೆಗಳು ಪತ್ರಿಕೆಗಳಲ್ಲಿ ಬಂದ ಮೇಲೆ, ಇನ್ನು ಇದನ್ನು ಬಿಡುವಿನ ಹವ್ಯಾಸ ಎನ್ನಬಾರದು, ಪುಸ್ತಕವಾಗಿ ಓದುಗರ ಮುಂದಿಡಬೇಕು ಎಂದು ನಿಶ್ಚಯಿಸಿದೆ.

ಹಸ್ತಪ್ರತಿ ಕಳಿಸಿದ ಮರುದಿನವೇ ಫೋನ್ ಬಂತು. ‘ಮೇಡಂ, ನಿಮ್ಮ ಕೃತಿ ಆಯ್ಕೆಯಾಗಿದೆ.’ ಹಿಂದೆಯೇ ಬಂದ ಪತ್ರದಲ್ಲಿ ‘ಮನಮುಟ್ಟುವ ಶೈಲಿ’, ‘ಬದುಕಿನ ಆಳವಾದ ದರ್ಶನ’ ಎಂಬ ಮಾತುಗಳಿದ್ದವು. ಯಾವ ಪಾತ್ರದ ಹೆಸರೂ ಇರಲಿಲ್ಲ, ಯಾವ ಕಥೆಯ ಪ್ರಸ್ತಾಪವೂ ಇರಲಿಲ್ಲ. ಇದೇ ಪತ್ರ ಅಕ್ಷರವೂ ಬದಲಾಗದೆ ಪುಣೆಯ ಕವಿಯೊಬ್ಬರಿಗೂ ಹೋಗಿತ್ತೆಂದು ನಂತರ ತಿಳಿಯಿತು. ನಿಜವಾಗಿ ಓದಿದ ಸಂಪಾದಕರು ಕಥೆಯ ಬಗ್ಗೆ ಕೇಳುತ್ತಾರೆ, ತಕರಾರು ತೆಗೆಯುತ್ತಾರೆ, ಈ ಕೊನೆ ಒಪ್ಪಿಗೆಯಾಗಲಿಲ್ಲ ಎನ್ನುತ್ತಾರೆ. ಇವರು ಕೇಳಿದ್ದು ಯಾವ ಪ್ಯಾಕೇಜ್ ಬೇಕು ಎಂದು.

ಕೊಟ್ಟದ್ದು 60,000 ರೂಪಾಯಿ. ಅದರಲ್ಲಿ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು 5,000, ಕೃತಿಸ್ವಾಮ್ಯ ನೋಂದಣಿಗೆಂದು 8,000. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಪಡೆಯಬಹುದು. ಸಾಹಿತ್ಯ ಕೃತಿಯ ಕೃತಿಸ್ವಾಮ್ಯ ನೋಂದಣಿಗೆ ಸರ್ಕಾರಿ ಶುಲ್ಕ 500 ರೂಪಾಯಿ, ಮತ್ತು ಆ ನೋಂದಣಿ ಕಡ್ಡಾಯವೂ ಅಲ್ಲ. ಬರೆದವರಿಗೆ ಬರೆದ ಕ್ಷಣದಿಂದಲೇ ಹಕ್ಕು ಇರುತ್ತದೆ.

ಕರಡು ಬಂದಾಗ ಅದರ ಸ್ಥಿತಿ ನೋಡಲಾಗಲಿಲ್ಲ. ಯೂನಿಕೋಡ್‌ನಲ್ಲಿ ಕೊಟ್ಟ ಪಠ್ಯವನ್ನು ಹಳೆಯ ಫಾಂಟ್‌ಗೆ ಪರಿವರ್ತಿಸಿ ಹಾಗೆಯೇ ಪುಟ ಕಟ್ಟಿದ್ದರು. ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಜಿಗಿದಿದ್ದವು, ಒತ್ತಕ್ಷರಗಳು ಕಳಚಿಬಿದ್ದಿದ್ದವು. ಅರ್ಪಣೆಯ ಪುಟದಲ್ಲಿ ನನ್ನ ತಂದೆಯ ಹೆಸರೇ ತಪ್ಪಾಗಿತ್ತು. ತಿದ್ದಿ ಕಳಿಸಿದೆ. ಒಂದು ಸುತ್ತಿನ ತಿದ್ದುಪಡಿ ಮಾತ್ರ ಪ್ಯಾಕೇಜಿನಲ್ಲಿದೆ, ಮುಂದಿನದಕ್ಕೆ ಪುಟದ ಲೆಕ್ಕದಲ್ಲಿ ಹಣ ಕೊಡಿ ಎಂದರು. ತಪ್ಪು ಅವರ ಪರಿವರ್ತನೆಯದು, ಬೆಲೆ ನನ್ನದು. 500 ಪ್ರತಿ ಎಂದಿದ್ದವರು 40 ಕಳಿಸಿ, ಉಳಿದವನ್ನು ಬೇಡಿಕೆ ಬಂದಾಗ ಮುದ್ರಿಸುತ್ತೇವೆ ಎಂದರು. ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಖಂಡಿತ ಹೋಗುತ್ತದೆ ಎಂಬ ಮಾತೂ ಇತ್ತು. ಆಯ್ಕೆ ಸಮಿತಿ ನೋಡಿ ನಿರ್ಧರಿಸುವ ವಿಷಯಕ್ಕೆ ಯಾವ ಪ್ರಕಾಶಕರೂ ಖಾತರಿ ಕೊಡಲಾರರು.

ಇಷ್ಟೇ ಆಗಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ಕಚೇರಿಯ ಮರಾಠಿ ಗೆಳತಿಯೊಬ್ಬರಿಗೆ ಕನ್ನಡ ಬರುತ್ತದೆ. ರಾತ್ರಿಶಾಲೆಯ ಕಥೆಯೊಂದನ್ನು ಓದಿ, ಇದು ಮರಾಠಿಯವರಿಗೂ ತಿಳಿಯಬೇಕಾದ ಮುಂಬೈ ಎಂದು ತಾವಾಗಿಯೇ ಅನುವಾದಿಸಿ, ಒಂದು ದೀಪಾವಳಿ ವಿಶೇಷಾಂಕದವರನ್ನು ಒಪ್ಪಿಸಿದರು. ದೀಪಾವಳಿ ಅಂಕಗಳಿಗೆ ಮರಾಠಿಯಲ್ಲಿ 1909ರಿಂದ ಬಂದ ಪರಂಪರೆಯಿದೆ. ಅಲ್ಲಿ ಒಂದು ಕಥೆ ಬಂದರೆ ಅದನ್ನು ಓದುವವರು ನನ್ನ ಪುಸ್ತಕ ಎಂದೂ ತಲುಪಲಾರದಷ್ಟು ಜನ. ಸಂಪಾದಕರು ಹಕ್ಕು ಯಾರದೆಂದು ಕೇಳಿದರು. ನಾನು ಸಹಿ ಹಾಕಿದ್ದ, ಇಂಗ್ಲಿಷಿನ ಸಣ್ಣ ಅಕ್ಷರದ ಒಪ್ಪಂದದಲ್ಲಿ ಹಕ್ಕು ಸಂಸ್ಥೆಯದು: ಎಲ್ಲ ಭಾಷೆ, ಎಲ್ಲ ಮಾಧ್ಯಮ, ಇಡೀ ಜಗತ್ತು, ಕೃತಿಸ್ವಾಮ್ಯದ ಪೂರ್ಣ ಅವಧಿ ಎಂದಿತ್ತು. ಪೂರ್ಣ ಅವಧಿ ಎಂದರೆ ಲೇಖಕರ ಜೀವಿತಕಾಲ ಮತ್ತು ನಂತರದ 60 ವರ್ಷ. ಅನುಮತಿ ಕೇಳಿದಾಗ ಸಂಸ್ಥೆ 15,000 ರೂಪಾಯಿ ಕೇಳಿತು. ಪುಸ್ತಕ ಮಾಡಲು ಹಣ ಕೊಟ್ಟವಳೂ ನಾನೇ, ನನ್ನ ಕಥೆಗೆ ಅನುಮತಿ ಕೊಳ್ಳಬೇಕಾದವಳೂ ನಾನೇ! ಮಾತುಕತೆ ನಡೆಯುತ್ತಿರುವಾಗಲೇ ಸಂಚಿಕೆ ಅಚ್ಚಿಗೆ ಹೋಯಿತು. ಗೆಳತಿ ಕೈಬರಹದ ಅನುವಾದವನ್ನು ನನಗೇ ತಂದುಕೊಟ್ಟರು.

ವಕೀಲರು ತೋರಿಸಿದ್ದು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ರಾಯಧನ ಎಷ್ಟು ಎಂಬುದೆಲ್ಲ ಅದರಲ್ಲಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರವೆಂದೂ ಭಾವಿಸಲಾಗುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದ ಬೇರೆ ಹೇಳದ ಹೊರತು, ಆ ಹಕ್ಕಿನ ವರ್ಗಾವಣೆ ರದ್ದಾಗುತ್ತದೆ. ಈ ಕೊನೆಯ ಮಾತೇ ನನ್ನ ಕೈಹಿಡಿಯಿತು. ಅನುವಾದದ ಹಕ್ಕನ್ನು ಅವರು ಮುಟ್ಟಿಯೇ ಇರಲಿಲ್ಲ. ವಕೀಲರ ನೋಟಿಸ್ ಹೋದ ಮೇಲೆ ಒಂದು ಸಾಲಿನ ಪತ್ರದಲ್ಲಿ ಅದನ್ನು ಬಿಟ್ಟುಕೊಟ್ಟರು. ಕನ್ನಡ ಮುದ್ರಣದ ಹಕ್ಕು ಇನ್ನೂ ಅವರಲ್ಲೇ ಇದೆ.

ಸ್ವಂತ ಹಣದಲ್ಲಿ ಪುಸ್ತಕ ತರುವುದು ಅವಮಾನವೇನಲ್ಲ, ಕನ್ನಡದಲ್ಲಿ ಬಹಳ ಮಂದಿ ಗೌರವದಿಂದ ಮಾಡಿದ ಕೆಲಸ ಅದು. ಆದರೆ ಆಗ ಪುಟ ಕಟ್ಟುವ ಡಿಟಿಪಿಯವರು, ಕರಡು ತಿದ್ದುವವರು, ಮುದ್ರಣಾಲಯ ಎಲ್ಲರನ್ನೂ ನೀವೇ ಗೊತ್ತು ಮಾಡಿ; ಪ್ರಕಾಶಕರ ಜಾಗದಲ್ಲಿ ನಿಮ್ಮ ಹೆಸರಿರಲಿ. ನಿಜವಾದ ಪ್ರಕಾಶಕರು ನಿಮ್ಮ ಹಣ ಕೇಳುವುದಿಲ್ಲ. ಅಚ್ಚಿಗೆ ಮೊದಲು ನಿಷ್ಠುರವಾಗಿ ಓದಿ ಹೇಳುವವರು ಬೇಕು. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಕಾರ್ಯಕ್ರಮಗಳಿಗೆ ಹೋದರೆ ಅಂಥವರು ಸಿಗುತ್ತಾರೆ. ವಯಸ್ಸು ಚಿಕ್ಕದಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ನಿಯಮಗಳನ್ನು ವಿಚಾರಿಸಿ.

ಈಗಾಗಲೇ ಹಣ ಕೊಟ್ಟು ಸಿಕ್ಕಿಬಿದ್ದವರಿಗೆ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಸಂಸ್ಥೆ ಯಾವ ಊರಿನಲ್ಲಿದ್ದರೂ ಸರಿ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಮೊದಲು ವಿಚಾರಿಸಿ ತಿಳಿಯಲು 1915 ಸಹಾಯವಾಣಿ ಇದೆ. ನನ್ನ ದೂರು ಥಾಣೆ ಜಿಲ್ಲಾ ಆಯೋಗದಲ್ಲಿದೆ. ರಸೀದಿ, ವಾಟ್ಸ್‌ಆ್ಯಪ್ ಸಂದೇಶ, ಮೊದಲ ಕರಡಿನ ಪಿಡಿಎಫ್ ಯಾವುದನ್ನೂ ಅಳಿಸಬೇಡಿ. ವಕೀಲರು ನನ್ನಲ್ಲಿ ಮೊದಲು ಕೇಳಿದ್ದು ಅವನ್ನೇ.