ಗಿಡ, ಹುಳು, ಹಕ್ಕಿ: ನೆಟ್ಟ ಕಾಡನ್ನು ಯಾವುದರಿಂದ ಅಳೆಯಬೇಕು?

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿರುವ ನಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡುಜಾಗದ) ಒಂದು ಮೂಲೆಯು ವರ್ಷವರ್ಷವೂ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ, ಸೊಪ್ಪು ಕಡಿದು ಬರಿದಾಗಿ, ಕೊನೆಗೆ ಯೂಪಟೋರಿಯಂ ಎಂಬ ಕಳೆಯ ಪೊದೆಗಳನ್ನು ಬಿಟ್ಟರೆ ಬೇರೇನೂ ಉಳಿಯದ ಸ್ಥಿತಿಗೆ ಬಂದಿತ್ತು. 12 ವರ್ಷಗಳ ಹಿಂದೆ ಅಲ್ಲಿ ನೇರಳೆ, ಉಪ್ಪಾಗೆ, ಹೊನ್ನೆ, ಮತ್ತಿ, ಹಲಸು ಮುಂತಾದ ಊರಿನದೇ ಗಿಡಗಳನ್ನು ನೆಟ್ಟೆವು. ಅದರ ಒಂದು ಬದಿಗೆ ಅಕೇಶಿಯಾ ನೆಡುತೋಪಿದೆ; ಇನ್ನೊಂದು ಬದಿಯಲ್ಲಿ ಹಳ್ಳ ದಾಟಿದರೆ ಹಳೆಯ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು. ಹೋಲಿಕೆಗೆ ಇದಕ್ಕಿಂತ ಅನುಕೂಲವಾದ ನೆರೆಹೊರೆ ಸಿಗುವುದು ಕಷ್ಟವಾದ್ದರಿಂದ, ಕಳೆದ ಮೂರು ವರ್ಷ ಮೂರೂ ಕಡೆ ಗಿಡ, ಹುಳು, ಹಕ್ಕಿಗಳನ್ನು ಬೇರೆ ಬೇರೆ ವಿಧಾನಗಳಿಂದ ಎಣಿಸಿ ನೋಡಿದೆ.

ಗಿಡಗಳಿಗೆ ಬಳಸಿದ್ದು ಎಲ್ಲರೂ ಬಳಸುವ ಚೌಕದ ಕ್ರಮ. ನೈಲಾನ್ ಹಗ್ಗದಿಂದ 20 ಮೀಟರ್ ಉದ್ದಗಲದ ಚೌಕ ಎಳೆದು ಮರಗಳ ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆದುಕೊಳ್ಳುವುದು, ಅದರೊಳಗೆ 5 ಮೀಟರ್ ಚೌಕದಲ್ಲಿ ಪೊದೆಗಳನ್ನು, 1 ಮೀಟರ್ ಚೌಕದಲ್ಲಿ ಸಸಿಗಳನ್ನು ಎಣಿಸುವುದು. ಮೊದಲ ವರ್ಷದ ಲೆಕ್ಕದಲ್ಲಿ ನಮ್ಮ ತೋಪು ಅಕೇಶಿಯಾವನ್ನು ಎಷ್ಟೋ ಹಿಂದೆ ಹಾಕಿತ್ತು. ಆ ಸಂತೋಷ ಒಂದು ವಾರ ಉಳಿಯಿತು. ಆಮೇಲೆ ಹಳೆಯ ನರ್ಸರಿ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ, ನಾನು ಎಣಿಸಿದ್ದರಲ್ಲಿ ಬಹುಪಾಲು ನಾನೇ ನೆಟ್ಟ ಗಿಡಗಳು! ಎರಡನೆಯ ವರ್ಷದಿಂದ ಪುಸ್ತಕದಲ್ಲಿ ‘ನೆಟ್ಟದ್ದು’, ‘ತಾನಾಗಿ ಬಂದದ್ದು’ ಎಂದು ಎರಡು ಕಾಲಂ ಮಾಡಿದೆ. ಎರಡನೆಯ ಕಾಲಮ್ಮಿನಲ್ಲಿ ಬಂದ ಮೊದಲ ಹೆಸರು ದಾಲ್ಚಿನ್ನಿ. ಅದನ್ನು ನಾವು ನೆಟ್ಟಿರಲಿಲ್ಲ. ನೇರಳೆ ಮರದ ಬುಡದಲ್ಲಿ, ಹಕ್ಕಿ ಕೂರುವ ಕೊಂಬೆಯ ನೇರ ಕೆಳಗೆ, ಚಿಗುರೆಲೆ ಇನ್ನೂ ಕೆಂಪಾಗಿದ್ದ ಗೇಣುದ್ದದ ಸಸಿ. ಎಲೆಯ ತುದಿ ಹಿಸುಕಿ ಮೂಸಿ ನೋಡಿ ಖಾತ್ರಿ ಮಾಡಿಕೊಂಡೆ.

ಹಕ್ಕಿಗಳ ವಿಷಯದಲ್ಲಿ ಎರಡು ದಾರಿಗಳನ್ನು ಹೋಲಿಸಿದೆ. ಒಂದು, ಬೆಳಗಿನ ಜಾವ ಗೊತ್ತಾದ ಬಿಂದುವಿನಲ್ಲಿ ನಿಂತು, ಸುತ್ತ 50 ಮೀಟರ್ ದೂರದೊಳಗೆ ಕಂಡದ್ದನ್ನೂ ಕೇಳಿದ್ದನ್ನೂ ಹತ್ತು ನಿಮಿಷ ಬರೆಯುವುದು. ಇನ್ನೊಂದು, ಮರಕ್ಕೆ ಧ್ವನಿಮುದ್ರಕ ಕಟ್ಟಿಟ್ಟು, ಆಮೇಲೆ ಬರ್ಡ್‌ನೆಟ್‌ನಂಥ ಕೂಗಿನಿಂದ ಹಕ್ಕಿ ಗುರುತಿಸುವ ತಂತ್ರಾಂಶಕ್ಕೆ ಕೇಳಿಸುವುದು. ಯಂತ್ರಕ್ಕೆ ನಿದ್ದೆಯಿಲ್ಲ, ಉಂಬಳದ ಭಯವಿಲ್ಲ. ಎಲೆ ದಟ್ಟವಾದ ಕಾನಿನಲ್ಲಿ ನನ್ನ ಕಣ್ಣಿಗೆ ಬೀಳದ ಹಕ್ಕಿಗಳನ್ನು ಅದು ಹಿಡಿದುಕೊಟ್ಟಿತು. ಆದರೆ ಒಂದು ಬೆಳಿಗ್ಗೆ ಅದು ನಮ್ಮ ತೋಪಿನಲ್ಲಿ ಗಿಡುಗ ಕೂಗಿತೆಂದು ಬರೆದಿತ್ತು, ಮರುದಿನ ಅದೇ ಮರದ ಕೆಳಗೆ ನಿಂತರೆ ಗಿಡುಗನ ಕೂಗು ಕೂಗುತ್ತಿದ್ದವನು ಉದ್ದ ಬಾಲದ ಭೀಮರಾಜ. ಅನುಕರಣೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ನಿಂತು ಎಣಿಸುವುದನ್ನೇ ಆರಿಸುತ್ತೇನೆ. ಹಕ್ಕಿ ಅಲ್ಲಿ ಹಣ್ಣು ತಿನ್ನುತ್ತಿತ್ತೋ, ಗೂಡು ಕಟ್ಟುತ್ತಿತ್ತೋ, ಸುಮ್ಮನೆ ದಾಟಿ ಹೋಯಿತೋ ಎಂಬುದು ಧ್ವನಿಮುದ್ರಣದಲ್ಲಿ ಇರುವುದಿಲ್ಲ. ಕಾನು ಪಕ್ಕದಲ್ಲೇ ಇರುವಾಗ ಈ ವ್ಯತ್ಯಾಸ ಸಣ್ಣದಲ್ಲ: ಮಂಗಟ್ಟೆಯೊಂದು ನಮ್ಮ ತೋಪಿನ ಮೇಲೆ ಹಾರಿಹೋದ ಮಾತ್ರಕ್ಕೆ ಅದು ನಮ್ಮ ತೋಪಿನ ಹಕ್ಕಿಯಾಗುವುದಿಲ್ಲ. ಅಕೇಶಿಯಾ ಬೀಜಕ್ಕೆ ಅಂಟಿದ ಕಿತ್ತಳೆ ಬಣ್ಣದ ಎಳೆಯನ್ನು ತಿನ್ನಲೂ ಪಿಕಳಾರಗಳು ಬರುತ್ತವೆಂಬುದನ್ನು ಮರೆಯಬಾರದು. ಎಣಿಕೆಯ ತಿಂಗಳನ್ನೂ ಬದಲಿಸಬಾರದು. ಡಿಸೆಂಬರಿನ ಪಟ್ಟಿಯಲ್ಲಿ ಚಳಿಗಾಲದ ವಲಸೆ ಹಕ್ಕಿಗಳು ಸೇರಿರುತ್ತವೆ, ಮೇ ತಿಂಗಳಿನದರಲ್ಲಿ ಇರುವುದಿಲ್ಲ.

ಹುಳುಗಳು ನನ್ನನ್ನು ಹೆಚ್ಚು ಸತಾಯಿಸಿದವು. ಬಿಳಿ ಪಂಚೆ ಕಟ್ಟಿ ದೀಪ ಹಚ್ಚಿದರೆ ರಾತ್ರಿ ಬರುವ ಪತಂಗಗಳ ಸೊಗಸಿಗೆ ಮನೆಮಂದಿಯೆಲ್ಲ ಬಂದು ನಿಲ್ಲುತ್ತಿದ್ದರು. ಆದರೆ ಹುಣ್ಣಿಮೆಯ ಆಸುಪಾಸಿನಲ್ಲಿ ಪಂಚೆ ಬಹುತೇಕ ಖಾಲಿ. ಮೇಲಾಗಿ ದೀಪಕ್ಕೆ ಬಂದ ಪತಂಗ ತೋಪಿನದೋ ಕಾನಿನದೋ ಹೇಳಲಾಗದು. ಆದ್ದರಿಂದ ಅದನ್ನು ಬಿಟ್ಟು, ಪ್ಲಾಸ್ಟಿಕ್ ಲೋಟಗಳನ್ನು ಬಾಯಿಮಟ್ಟ ಹೂತು, ತಳಕ್ಕೆ ಸೋಪಿನ ನೀರು ಹಾಕಿ, ಮಳೆ ತಡೆಯಲು ಮೇಲೆ ಅಡಿಕೆ ಹಾಳೆಯ ತುಂಡನ್ನು ಕಡ್ಡಿಗಳ ಮೇಲೆ ನಿಲ್ಲಿಸಿದೆ. ಮೊದಲ ಸಲ ಮುಂಗುಸಿಯೋ ಇನ್ಯಾವುದೋ ಪ್ರಾಣಿ ಅರ್ಧದಷ್ಟು ಲೋಟಗಳನ್ನು ಕಿತ್ತೆಸೆದಿತ್ತು. ಕಲ್ಲು ಹೇರಿದ ಮೇಲೆ ನಿಂತವು. ನೆಲದ ಮೇಲೆ ನಡೆಯುವ ಹುಳು ದೂರದಿಂದ ಹಾರಿ ಬಂದದ್ದಲ್ಲ ಎಂಬುದೇ ಈ ವಿಧಾನದ ಬಲ. ಅಕೇಶಿಯಾದ ಬೇಗ ಕೊಳೆಯದ ದರಕಿನ ಹಾಸಿನಲ್ಲಿ ಲೋಟದಿಂದ ಲೋಟಕ್ಕೆ ಹೆಚ್ಚುಕಡಿಮೆ ಒಂದೇ ಬಗೆಯ ಇರುವೆಗಳ ರಾಶಿ ಬಿದ್ದರೆ, ನಮ್ಮ ತೋಪಿನಲ್ಲಿ ಪ್ರತಿ ಲೋಟವೂ ಬೇರೆ ಬೇರೆಯಾಗಿತ್ತು. ಕಾನಿನ ಲೋಟಗಳಿಗೆ ನಮ್ಮವು ಇನ್ನೂ ಸಮವಲ್ಲ. ಹೆಸರು ಹಿಡಿಯುವುದೇ ಕಷ್ಟ: ಜಾತಿಯವರೆಗೆ ಗುರುತಿಸುವುದು ನನ್ನಂಥವನಿಂದ ಆಗದ ಕೆಲಸವಾದ್ದರಿಂದ, ನೋಟದಲ್ಲಿ ಬೇರೆಯಾದ ಬಗೆಗಳಿಗೆ ಸಂಖ್ಯೆ ಕೊಟ್ಟು ಸೀಸೆಗಳಲ್ಲಿ ಇಟ್ಟಿದ್ದೇನೆ. ಸಗಣಿ ಹುಳುಗಳನ್ನು ಮಾತ್ರ ಲೆಕ್ಕದಿಂದ ತೆಗೆದೆ. ಅವು ಕಾಡಿಗಿಂತ ನಮ್ಮೂರಿನ ದನಗಳ ಓಡಾಟವನ್ನೇ ಹೇಳುತ್ತಿದ್ದವು.

ಹೀಗೆ ನೋಡಿದರೆ ವರ್ಷಕ್ಕೆ ನಾಲ್ಕೇ ದಿನ ಬಿಡುವಿರುವವರಿಗೆ ನಾನು ಮೊದಲು ಸೂಚಿಸುವುದು ತಾನಾಗಿ ಬಂದ ಸಸಿಗಳ ಎಣಿಕೆಯನ್ನು, ಆಮೇಲೆ ಲೋಟಗಳನ್ನು. ಹಕ್ಕಿಯ ಪಟ್ಟಿ ಮೂರನೆಯದು. ಆದರೆ ಆ ಸಸಿಗಳೂ ಕಾನು ಹತ್ತಿರವಿರುವುದರಿಂದಲೇ ಬಂದಿರಬಹುದಲ್ಲವೇ ಎಂದು ಪಕ್ಕದ ಮನೆಯ ಭಾವ ಕೇಳಿದ ಪ್ರಶ್ನೆಗೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಅದಕ್ಕಾಗಿ ಈ ಮಳೆಗಾಲ ಮುಗಿದ ಮೇಲೆ, ಹಳ್ಳದ ದಡದಿಂದ ತೋಪಿನ ತುದಿಯವರೆಗೆ 50 ಮೀಟರಿಗೊಂದರಂತೆ 1 ಮೀಟರ್ ಚೌಕಗಳನ್ನು ಸಾಲಾಗಿ ಗುರುತು ಹಾಕಲಿದ್ದೇನೆ. ಗೂಟಗಳನ್ನು ಈಗಲೇ ಕಡಿದು ಕೊಟ್ಟಿಗೆಯ ಅಟ್ಟದಲ್ಲಿ ಒಣಗಲು ಹಾಕಿದ್ದಾಗಿದೆ.